ಗೇರ್ ಸೈಕಲ್‌ಗೂ ಬಂತು ಬ್ಯಾಟರಿ: ಕೋಡಿಯ ಉಪ್ಪು ಗಾಳಿಯಲ್ಲಿ ಸ್ಪೇರ್ ಬ್ಯಾಟರಿ ಚಾರ್ಜ್ ಮಾಡುವುದು, ಇಡುವುದು ಹೇಗೆ?

ಕೋಡಿ (ಕುಂದಾಪುರ): ರಜಾ ದಿನ ಬೆಳಗ್ಗೆ ಕೋಡಿ ಬೀಚ್ ಕಡೆಗೋ ಮರವಂತೆ ಕಡೆಗೋ ಹೆಲ್ಮೆಟ್ ಹಾಕ್ಕೊಂಡು ಹೋಗುವ ದುಬಾರಿ ಸೈಕಲ್‌ಗಳನ್ನು ಹತ್ತಿರದಿಂದ ನೋಡಿದವರಿಗೆ ಒಂದು ವಿಷಯ ಗೊತ್ತಾಗಿರಬಹುದು. ಅವುಗಳಲ್ಲಿ ಕೆಲವಕ್ಕೆ ಗೇರ್ ವಯರೇ ಇಲ್ಲ. ಹ್ಯಾಂಡಲ್‌ನಲ್ಲಿ ಒಂದು ಬಟನ್ ಒತ್ತಿದರೆ ಹಿಂದೆ ಸಣ್ಣ ಮೋಟಾರ್ 'ಜುಂಯ್' ಅಂತ ತಿರುಗಿ ಚೈನನ್ನು ಪಕ್ಕದ ಹಲ್ಲಿಗೆ ತಳ್ಳುತ್ತದೆ. ಇದಕ್ಕೆ ಎಲೆಕ್ಟ್ರಾನಿಕ್ ಶಿಫ್ಟಿಂಗ್ ಅಂತ ಹೆಸರು. ಪೆಡಲ್ ತುಳಿಯುವುದು ಕಾಲೇ, ಗೇರ್ ಬದಲಿಸುವುದು ಮಾತ್ರ ಬ್ಯಾಟರಿ.

ಬ್ಯಾಟರಿ ಖಾಲಿಯಾದರೆ ಸೈಕಲ್ ನಿಲ್ಲುವುದಿಲ್ಲ. ಆದರೆ ಯಾವ ಗೇರ್‌ನಲ್ಲಿ ಇತ್ತೋ ಅದೇ ಗೇರ್‌ನಲ್ಲಿ ಉಳಿಯುತ್ತದೆ. ಹೆದ್ದಾರಿ 66ರ ಸಪಾಟು ರಸ್ತೆಯಲ್ಲಾದರೆ ಹೇಗೋ ಮನೆ ಸೇರಬಹುದು. ಕೊಲ್ಲೂರು ದಾಟಿ ನಾಗೋಡಿ ಘಾಟಿಯಲ್ಲೋ, ಹೊಸಂಗಡಿ ದಾಟಿ ಬಾಳೆಬರೆ ಘಾಟಿಯಲ್ಲೋ ಹೊತ್ತು ಮುಳುಗುವ ಹೊತ್ತಿಗೆ ಭಾರದ ಗೇರ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಸೈಕಲ್ ತಳ್ಳಿಕೊಂಡು ನಡೆಯುವುದೇ ಗತಿ. ಅದಕ್ಕೇ ಸವಾರರು ಸ್ಪೇರ್ ಬ್ಯಾಟರಿ ಇಟ್ಟುಕೊಳ್ಳುತ್ತಾರೆ. ಆ ಸ್ಪೇರ್ ಬೇಕಾದ ಹೊತ್ತಿಗೆ ಕೆಲಸ ಮಾಡಬೇಕಾದರೆ ಅದನ್ನು ಚಾರ್ಜ್ ಮಾಡುವ, ಇಡುವ ಕ್ರಮ ಸರಿ ಇರಬೇಕು. ಒಂದು ಕಡೆ ಕಡಲು, ಇನ್ನೊಂದು ಕಡೆ ಪಂಚಗಂಗಾವಳಿ ಹೊಳೆ ಇರುವ ಕೋಡಿಯಂಥ ಊರಿನಲ್ಲಿ ಇದು ಇನ್ನೂ ಮುಖ್ಯ. ಸವಾರರಿಗೂ, ಅವರು ಚಾರ್ಜಿಂಗ್ ಕೇಳಿಕೊಂಡು ಬರುವ ಅಂಗಡಿಯವರಿಗೂ ಬೇಕಾದ ಮಾಹಿತಿ ಇಲ್ಲಿದೆ.

ಇದು ಹೊಸತೇನಲ್ಲ

ಫ್ರಾನ್ಸಿನ ಮಾವಿಕ್ ಕಂಪನಿ 1992ರಲ್ಲೇ 'ಜಾಪ್' ಎಂಬ ಎಲೆಕ್ಟ್ರಾನಿಕ್ ಗೇರ್ ತಂದಿತ್ತು. ಆದರೆ ಅದು ಜನರಲ್ಲಿ ನೆಲೆಯಾಗಲಿಲ್ಲ. ಜಪಾನಿನ ಶಿಮಾನೊ 2009ರಲ್ಲಿ 'ಡಿಐ2' ತಂದ ಮೇಲೆ ಇದು ರೇಸ್ ಸೈಕಲ್‌ಗಳಲ್ಲಿ ಗಟ್ಟಿಯಾಯಿತು. ಇಟಲಿಯ ಕ್ಯಾಂಪಗ್ನೋಲೊ 2011ರಲ್ಲಿ ತನ್ನದನ್ನು ತಂದಿತು. ಅಮೆರಿಕದ ಸ್ರಾಮ್ ಕಂಪನಿ 2015ರಲ್ಲಿ ವಯರೇ ಇಲ್ಲದ 'ಈಟ್ಯಾಪ್' ತೋರಿಸಿತು. 2019ರಿಂದ 'ಆಕ್ಸೆಸ್' ಹೆಸರಿನಲ್ಲಿ ಅದೇ ಬ್ಯಾಟರಿ ರಸ್ತೆ ಸೈಕಲ್, ಗುಡ್ಡ ಹತ್ತುವ ಸೈಕಲ್ ಎರಡಕ್ಕೂ ಬರುತ್ತಿದೆ.

ನಮ್ಮ ಕಡೆ ಸವಾರರ ಬಳಿ ಹೆಚ್ಚಾಗಿ ಮಾತಿಗೆ ಬರುವ ಹೆಸರು ಎರಡೇ: ಶಿಮಾನೊ ಮತ್ತು ಸ್ರಾಮ್. ಎರಡರ ಬ್ಯಾಟರಿ ಕ್ರಮ ಬೇರೆ ಬೇರೆ. ಮೊದಲು ಅದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಡಿಮೆ.

ಶಿಮಾನೊ: ಬ್ಯಾಟರಿ ಒಳಗೆ, ಕೇಬಲ್ ಕೈಯಲ್ಲಿ

ರಸ್ತೆ ಸೈಕಲ್‌ಗಳಲ್ಲಿ ಈಗ ಕಾಣುವ ಡಿಐ2ಗಳಿಗೆ ಬಹುತೇಕ ಒಂದೇ ಬ್ಯಾಟರಿ. ಅದು ಸೀಟಿನ ಕೆಳಗಿನ ಕೊಳವೆಯೊಳಗೆ ಇರುತ್ತದೆ. 7.4 ವೋಲ್ಟ್, 500 ಎಂಎಎಚ್. ಹಿಂದಿನ ಗೇರ್, ಮುಂದಿನ ಗೇರ್ ಎರಡಕ್ಕೂ ಅದೇ ಶಕ್ತಿ. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಸುಮಾರು 1,000 ಕಿ.ಮೀ. ಬರುತ್ತದೆ. ಕುಂದಾಪುರದಿಂದ ಮಂಗಳೂರಿಗೆ ಸುಮಾರು 90 ಕಿ.ಮೀ. ಅಂತ ಹಿಡಿದರೆ ಹತ್ತು ಹನ್ನೊಂದು ಸಲ ಹೋಗುವಷ್ಟು ದೂರ. ಗೇರ್ ಎಷ್ಟು ಸಲ ಬದಲಿಸುತ್ತಾರೆ, ಬ್ಯಾಟರಿಗೆ ಎಷ್ಟು ವಯಸ್ಸು ಎಂಬುದರ ಮೇಲೆ ಇದು ಹೆಚ್ಚು ಕಡಿಮೆ ಆಗುತ್ತದೆ.

ಒಳಗೆ ಕೂರುವ ಬ್ಯಾಟರಿಯಾದ್ದರಿಂದ ದಾರಿಯಲ್ಲಿ ತೆಗೆದು ಬೇರೆ ಹಾಕುವುದು ಸುಲಭದ ಕೆಲಸ ಅಲ್ಲ. ಇಲ್ಲಿ ಸ್ಪೇರ್ ಅಂದರೆ ಚಾರ್ಜಿಂಗ್ ಕೇಬಲ್ಲೇ. 2021ರ ನಂತರದ 12 ಸ್ಪೀಡ್ ಮಾದರಿಗಳಲ್ಲಿ ಚಾರ್ಜಿಂಗ್ ಕಿಂಡಿ ಹಿಂದಿನ ಗೇರ್‌ನಲ್ಲೇ ಇದೆ. ಕೇಬಲ್‌ನ ಒಂದು ತುದಿ ಮಾಮೂಲಿ ಯುಎಸ್‌ಬಿ. ಸೈಕಲ್‌ಗೆ ಹಾಕುವ ತುದಿ ಮಾತ್ರ ಶಿಮಾನೊದ್ದೇ. ಅದನ್ನು ಬೆಂಗಳೂರಿನ ಮನೆಯಲ್ಲಿ ಬಿಟ್ಟು ಬಂದರೆ ಶಾಸ್ತ್ರಿ ಸರ್ಕಲ್‌ನ ಯಾವ ಮೊಬೈಲ್ ಅಂಗಡಿಗೆ ಹೋದರೂ ಪ್ರಯೋಜನ ಇಲ್ಲ.

ಚಾರ್ಜ್ ತೀರಾ ಕಡಿಮೆಯಾದಾಗ ಮುಂದಿನ ಗೇರ್ ಮೊದಲು ನಿಲ್ಲುತ್ತದೆ. ಹಿಂದಿನದು ಇನ್ನೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಇದು ಕೆಟ್ಟು ಹೋದದ್ದಲ್ಲ, ಎಚ್ಚರಿಕೆ. ಕೂಡಲೇ ಮಧ್ಯದ ಗೇರ್‌ಗೆ ತಂದು ಇಟ್ಟುಕೊಂಡರೆ ಪೂರ್ತಿ ನಿಂತರೂ ತುಳಿದುಕೊಂಡು ಬರಬಹುದು.

ಸ್ರಾಮ್: ಕಿಸೆಯಲ್ಲಿ ಹಿಡಿಯುವ ಸ್ಪೇರ್

ಸ್ರಾಮ್‌ನಲ್ಲಿ ಹಿಂದಿನ ಗೇರ್‌ಗೊಂದು, ಮುಂದಿನ ಗೇರ್‌ಗೊಂದು ಪ್ರತ್ಯೇಕ ಬ್ಯಾಟರಿ. ಬೆಂಕಿಪೊಟ್ಟಣಕ್ಕಿಂತ ಸಣ್ಣದು, ತೂಕ ಸುಮಾರು 25 ಗ್ರಾಂ. 7.4 ವೋಲ್ಟ್, 300 ಎಂಎಎಚ್. ಕೊಂಡಿ ಎತ್ತಿದರೆ ಕೈಗೆ ಬರುತ್ತದೆ, ಇನ್ನೊಂದನ್ನು ಕೂರಿಸಿ ಕೊಂಡಿ ಒತ್ತಿದರೆ ಆಯ್ತು.

ಕಂಪನಿಯ ಲೆಕ್ಕದಲ್ಲಿ ಒಂದು ಚಾರ್ಜ್‌ಗೆ 60 ಗಂಟೆಯ ಸವಾರಿ. ಗೇರ್ ಮೇಲಿನ ದೀಪ ಹಸಿರಿದ್ದರೆ 15ರಿಂದ 60 ಗಂಟೆ ಉಳಿದಿದೆ. ಕೆಂಪಾದರೆ 5ರಿಂದ 15 ಗಂಟೆ. ಕೆಂಪು ಮಿನುಗಿದರೆ 5 ಗಂಟೆಗಿಂತ ಕಡಿಮೆ. 600 ಕಿ.ಮೀ.ಯ ಬ್ರೆವೆ ಸವಾರಿಗೆ ಕೊಡುವ ಸಮಯ 40 ಗಂಟೆ. ಹೊಸ ಬ್ಯಾಟರಿ ಪೂರ್ತಿ ಚಾರ್ಜ್ ಇದ್ದರೆ ಅಷ್ಟಕ್ಕೆ ಸಾಕು. ಮೂರು ನಾಲ್ಕು ವರ್ಷ ಹಳೆಯ ಬ್ಯಾಟರಿಯನ್ನು ನಂಬಿ ಹೊರಡುವುದು ಬೇಡ.

ಎರಡೂ ಕಡೆಯ ಬ್ಯಾಟರಿ ಒಂದೇ ನಮೂನೆಯದ್ದು. ಹಾಗಾಗಿ ಸ್ಪೇರ್ ಇಲ್ಲದೆ ಹಿಂದಿನದು ಖಾಲಿಯಾದರೂ ದಾರಿ ಉಂಟು: ಮುಂದಿನದನ್ನು ತೆಗೆದು ಹಿಂದಕ್ಕೆ ಹಾಕುವುದು. ಹಿಂದಿನ ಗೇರ್‌ಗೇ ಕೆಲಸ ಜಾಸ್ತಿ, ಬ್ಯಾಟರಿ ಮೊದಲು ಖಾಲಿಯಾಗುವುದೂ ಅಲ್ಲೇ.

ಇನ್ನೊಂದು ಗಮನಿಸಬೇಕಾದ್ದು. ಸೈಕಲ್ ಅಲುಗಾಡಿದರೆ ಈ ಗೇರ್ 'ಸವಾರಿ ಶುರುವಾಯ್ತು' ಅಂದುಕೊಂಡು ಎಚ್ಚರವಾಗುತ್ತದೆ. ರಾತ್ರಿ ಬಸ್ಸಿನ ಡಿಕ್ಕಿಯಲ್ಲೋ, ಪಂಚಗಂಗಾ ಎಕ್ಸ್‌ಪ್ರೆಸ್‌ನ ಲಗೇಜ್ ಬೋಗಿಯಲ್ಲೋ ಸೈಕಲ್ ಹಾಕಿ ಕಳಿಸಿದರೆ ರಾತ್ರಿಯಿಡೀ ಕುಲುಕಾಟಕ್ಕೆ ಚಾರ್ಜ್ ಇಳಿಯುತ್ತದೆ. ಸಾಗಿಸುವ ಮುಂಚೆ ಬ್ಯಾಟರಿ ತೆಗೆದು, ಆ ಜಾಗಕ್ಕೆ ಕಂಪನಿ ಕೊಟ್ಟ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ, ಬ್ಯಾಟರಿಗೂ ಅದರ ಮುಚ್ಚಳ ಹಾಕಿ ಚೀಲದಲ್ಲಿ ಇಟ್ಟುಕೊಳ್ಳಬೇಕು.

ಚಾರ್ಜ್ ಮಾಡುವ ಕ್ರಮ

1. ಕಂಪನಿಯ ಚಾರ್ಜರ್‌ನಲ್ಲೇ ಮಾಡಿ. ಎರಡು ವಯರ್ ತುದಿ ತಾಗಿಸಿ ಚಾರ್ಜ್ ಮಾಡುವ ಪ್ರಯೋಗ ಬೇಡ. ಒಳಗೆ ಎರಡು ಲಿಥಿಯಂ ಕೋಶ ಸಾಲಾಗಿ ಇರುತ್ತವೆ. ಪ್ರತಿಯೊಂದೂ 4.2 ವೋಲ್ಟ್ ತಲುಪಿದಾಗ ನಿಲ್ಲಬೇಕು. ಅದನ್ನು ನೋಡಿಕೊಳ್ಳುವುದು ಚಾರ್ಜರ್.

2. ಸ್ರಾಮ್‌ಗೆ ಸುಮಾರು ಒಂದು ಗಂಟೆ ಸಾಕು. ಚಾರ್ಜ್ ಆಗುವಾಗ ಕಿತ್ತಳೆ ದೀಪ, ತುಂಬಿದ ಮೇಲೆ ಹಸಿರು. ಶಿಮಾನೊಗೆ ಗೋಡೆಯ ಅಡಾಪ್ಟರ್‌ನಿಂದ ಒಂದೂವರೆ ಗಂಟೆ, ಕಂಪ್ಯೂಟರ್‌ನ ಯುಎಸ್‌ಬಿಯಿಂದ ಮೂರು ಗಂಟೆಯ ಆಸುಪಾಸು.

3. ಬಿಸಿಲಿನಿಂದ ಬಂದ ಕೂಡಲೇ ಚಾರ್ಜ್‌ಗೆ ಹಾಕಬೇಡಿ. ಅರ್ಧ ಗಂಟೆ ನೆರಳಿನಲ್ಲಿ ತಣಿಯಲಿ. ಶಿಮಾನೊ ಹೇಳುವ ಚಾರ್ಜಿಂಗ್ ಉಷ್ಣತೆ 0ಯಿಂದ 45 ಡಿಗ್ರಿ. ನಮಗೆ ಕೆಳಗಿನ ಸಂಖ್ಯೆಯ ಚಿಂತೆ ಇಲ್ಲ, ಮೇಲಿನದ್ದೇ ಚಿಂತೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಏಪ್ರಿಲ್, ಮೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಕಾವು ಇರುತ್ತದೆ.

4. ಒದ್ದೆ ಇದ್ದರೆ ಮೊದಲು ಒರೆಸಿ, ಒಣಗಿಸಿ. ಶಿಮಾನೊದ ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ತೆಗೆಯುವ ಮುಂಚೆ ಸುತ್ತ ಮರಳು, ನೀರು ಇದೆಯಾ ನೋಡಿ.

5. ಟೈಲ್ಸ್ ಅಥವಾ ಸಿಮೆಂಟ್ ನೆಲದ ಮೇಲೆ ಇಟ್ಟು ಚಾರ್ಜ್ ಮಾಡಿ. ಹಾಸಿಗೆ, ಸೋಫಾ, ಪೇಪರ್ ರಾಶಿಯ ಮೇಲೆ ಬೇಡ. ಮನೆಯವರು ಎಚ್ಚರ ಇರುವಾಗ ಹಾಕಿ, ತುಂಬಿದ ಮೇಲೆ ತೆಗೆಯಿರಿ.

6. ಗುಡುಗು ಸಿಡಿಲು ಇರುವಾಗ ಪ್ಲಗ್‌ನಿಂದ ತೆಗೆಯಿರಿ. ಮಳೆಗಾಲದಲ್ಲಿ ಕರೆಂಟ್ ಕೈಕೊಡುವುದು ಇದ್ದದ್ದೇ. ಹೊರಡುವ ಹಿಂದಿನ ರಾತ್ರಿಗೆ ಕಾಯದೆ ಎರಡು ದಿನ ಮೊದಲೇ ಚಾರ್ಜ್ ಮಾಡಿಟ್ಟರೆ ಮೆಸ್ಕಾಂ ಕಚೇರಿಗೆ ಫೋನ್ ಮಾಡುವ ಕೆಲಸ ತಪ್ಪುತ್ತದೆ. ಪವರ್ ಬ್ಯಾಂಕ್‌ನಿಂದಲೂ ಚಾರ್ಜ್ ಆಗುತ್ತದೆ. 10,000 ಎಂಎಎಚ್‌ನ ಪವರ್ ಬ್ಯಾಂಕ್‌ನಲ್ಲಿ ನಷ್ಟ ಕಳೆದರೂ ಸ್ರಾಮ್‌ನ ಒಂದು ಬ್ಯಾಟರಿಯನ್ನು ಹತ್ತು ಸಲ ತುಂಬುವಷ್ಟು ಶಕ್ತಿ ಇರುತ್ತದೆ.

7. ಪೂರ್ತಿ ಖಾಲಿಯಾದ ಮೇಲೇ ಚಾರ್ಜ್ ಮಾಡಬೇಕು ಎಂಬ ಹಳೆಯ ಮಾತು ಲಿಥಿಯಂಗೆ ಅನ್ವಯಿಸುವುದಿಲ್ಲ. ಅರ್ಧ ಇಳಿದಾಗ ಹಾಕಿದರೆ ಬ್ಯಾಟರಿಗೇ ಒಳ್ಳೆಯದು.

ಇಡುವಾಗ ತುಂಬಿಸಿ ಇಡಬೇಡಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಸ್ಪೇರ್ ಅಲ್ವಾ, ತುಂಬಿಸಿ ಇಟ್ಟರೆ ಬೇಕಾದಾಗ ಆಯ್ತು ಅಂತ ನೂರು ಪರ್ಸೆಂಟ್ ಮಾಡಿ ಕಪಾಟಿನಲ್ಲಿ ಇಟ್ಟು ಮರೆಯುತ್ತಾರೆ. ಲಿಥಿಯಂ ಬ್ಯಾಟರಿ ಕೆಲಸ ಮಾಡದೆ ಸುಮ್ಮನೆ ಕೂತರೂ ಮುದಿಯಾಗುತ್ತದೆ. ತುಂಬಿದಷ್ಟೂ, ಸೆಕೆ ಇದ್ದಷ್ಟೂ ಬೇಗ.

ಸಾಮಾನ್ಯ ಲಿಥಿಯಂ ಕೋಶಗಳಿಗೆ ಕೊಡುವ ಅಂದಾಜು ಲೆಕ್ಕ ಹೀಗಿದೆ. 25 ಡಿಗ್ರಿಯಲ್ಲಿ 40 ಪರ್ಸೆಂಟ್ ಚಾರ್ಜ್ ಇಟ್ಟು ಒಂದು ವರ್ಷ ಬಿಟ್ಟರೆ ಸಾಮರ್ಥ್ಯ ಸುಮಾರು 96 ಪರ್ಸೆಂಟ್ ಉಳಿಯುತ್ತದೆ. ಅದೇ ಉಷ್ಣತೆಯಲ್ಲಿ ಪೂರ್ತಿ ತುಂಬಿಸಿ ಬಿಟ್ಟರೆ 80. ಉಷ್ಣತೆ 40 ಡಿಗ್ರಿ ಆಗಿ, ತುಂಬಿಸಿಯೂ ಇಟ್ಟರೆ 65ಕ್ಕೆ ಇಳಿಯುತ್ತದೆ. ಅಂದರೆ ಒಂದು ಸಲವೂ ಬಳಸದ ಬ್ಯಾಟರಿ ವರ್ಷದೊಳಗೆ ಮೂರನೇ ಒಂದು ಪಾಲು ಕಳೆದುಕೊಳ್ಳಬಹುದು. ಹಂಚಿನ ಮನೆಯ ಅಟ್ಟದಲ್ಲಿ ಬೇಸಿಗೆಯ ಮಧ್ಯಾಹ್ನ ಎಷ್ಟು ಸೆಕೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಹಾಗಂತ ಖಾಲಿ ಮಾಡಿ ಇಡುವುದೂ ತಪ್ಪು. ಕೂತಲ್ಲೇ ಸ್ವಲ್ಪ ಸ್ವಲ್ಪ ಸೋರಿ ತೀರಾ ಕೆಳಗೆ ಹೋದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಹತ್ತುವುದಿಲ್ಲ, ಬಲವಂತ ಮಾಡಿದರೆ ಅಪಾಯ.

ಶಿಮಾನೊ ಹೇಳುವ ಕ್ರಮ: ಬಹಳ ದಿನ ಬಳಸುವುದಿಲ್ಲ ಎಂದಾದರೆ 50 ಪರ್ಸೆಂಟ್ ಅಥವಾ ಅದಕ್ಕಿಂತ ಮೇಲೆ ಚಾರ್ಜ್ ಇರಲಿ, 10ರಿಂದ 20 ಡಿಗ್ರಿಯ ತಂಪು ಜಾಗದಲ್ಲಿ ಇಡಿ, ಆರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಕೋಡಿಯಲ್ಲಿ 20 ಡಿಗ್ರಿ ಎಲ್ಲಿಂದ ತರುವುದು ಮಾರಾಯ್ರೆ? ಫ್ರಿಜ್ ಬೇಡ. ಹೊರಗೆ ತೆಗೆದ ಕೂಡಲೇ ಅದರ ಮೇಲೆ ನೀರು ಬೆವರುತ್ತದೆ. ಮನೆಯಲ್ಲಿ ಬಿಸಿಲು ಬೀಳದ, ಒಲೆಯಿಂದ ದೂರದ ಕೋಣೆಯ ಕೆಳಗಿನ ಕಪಾಟು ಸಾಕು. ನಮ್ಮ ಸೆಕೆಗೆ ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡುವುದು ಒಳ್ಳೆಯದು.  ಸವಾರಿಗೆ ಹೊರಡುವ ಒಂದೆರಡು ದಿನ ಮೊದಲು ಪೂರ್ತಿ ತುಂಬಿಸಿದರೆ ಆಯ್ತು.

ಉಪ್ಪು ಗಾಳಿ ಮಾಡುವ ಕೆಲಸ

ಒಳನಾಡಿನ ಸವಾರರಿಗೆ ಇಲ್ಲದ ತಲೆನೋವು ಇದು. ಕಡಲ ಗಾಳಿಯಲ್ಲಿ ಬರುವ ಉಪ್ಪು ಬ್ಯಾಟರಿಯ ಹಿತ್ತಾಳೆ ಬಣ್ಣದ ಪಟ್ಟಿಗಳ ಮೇಲೆ ತೆಳ್ಳಗೆ ಕೂರುತ್ತದೆ. ಉಪ್ಪು ಗಾಳಿಯ ತೇವ ಎಳೆಯುತ್ತದೆ. ಎರಡು ಪಟ್ಟಿಯ ನಡುವೆ ಒದ್ದೆ ಪದರ ಆದರೆ ಅದರಲ್ಲೇ ಸಣ್ಣ ಕರೆಂಟ್ ಹರಿಯುತ್ತದೆ. ಚಾರ್ಜೂ ಇಳಿಯುತ್ತದೆ, ಪಟ್ಟಿಗೆ ಕಿಲುಬೂ ಹಿಡಿಯುತ್ತದೆ. ಬ್ಯಾಟರಿ ಸರಿಯೇ ಇದ್ದರೂ ಗೇರ್ ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಮಾಡದಿರಲು ಎಷ್ಟೋ ಸಲ ಈ ಕಿಲುಬೇ ಕಾರಣ.

ಮಾಡಬೇಕಾದ್ದು ಇಷ್ಟು:

- ಬೀಚ್ ಕಡೆ ಹೋಗಿ ಬಂದ ದಿನ ಸೈಕಲ್‌ಗೆ ಸಿಹಿ ನೀರು ಮೆಲ್ಲಗೆ ಹೊಯ್ದು ಒರೆಸಿ. ಗಾಡಿ ತೊಳೆಯುವ ಪ್ರೆಶರ್ ಪೈಪ್ ಬೇಡ.
- ಆಮೇಲೆ ಬ್ಯಾಟರಿ ತೆಗೆದು ಪಟ್ಟಿಗಳನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ. ಮಾಸಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆ ಸಾಕು. ಮರಳು ಕಾಗದದಿಂದ ಉಜ್ಜಿದರೆ ಮೇಲಿನ ಲೇಪ ಹೋಗಿ ಕಿಲುಬು ಇನ್ನೂ ಬೇಗ ಬರುತ್ತದೆ.
- ಸ್ಪೇರ್‌ಗೆ ಅದರ ಮುಚ್ಚಳ ಹಾಕಿ. ಮುಚ್ಚಳ ಕಳೆದಿದ್ದರೆ ಪಟ್ಟಿಯ ಮೇಲೆ ಇನ್ಸುಲೇಷನ್ ಟೇಪ್.
- ಮಳೆಗಾಲಕ್ಕೆ ಹಪ್ಪಳ ಇಡುವ ಹಾಗೆಯೇ ಇದನ್ನೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಹೊಸ ಚಪ್ಪಲಿ, ಬ್ಯಾಗ್ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಒಳಗಿರಲಿ.
- ಕೀಗೊಂಚಲು, ಚಿಲ್ಲರೆ, ಸ್ಪ್ಯಾನರ್ ಇರುವ ಚೀಲದಲ್ಲಿ ಬರಿ ಬ್ಯಾಟರಿ ಹಾಕಬೇಡಿ. ಕಬ್ಬಿಣ ತಾಗಿ ಶಾರ್ಟ್ ಆದರೆ ಚೀಲವೇ ಸುಡಬಹುದು.
- ಎರಡು ಮೂರು ಬ್ಯಾಟರಿ ಇದ್ದರೆ 1, 2, 3 ಅಂತ ಬರೆದು, ತಿಂಗಳಿಗೊಮ್ಮೆ ಜಾಗ ಬದಲಿಸಿ. ಆಗ ಒಂದೇ ಬ್ಯಾಟರಿ ಸವೆಯುವುದಿಲ್ಲ, ಸ್ಪೇರ್ ಸರಿ ಇದೆಯಾ ಅಂತಲೂ ಗೊತ್ತಾಗುತ್ತದೆ.

ನಾಣ್ಯದಂಥ ಬ್ಯಾಟರಿ: ಮಕ್ಕಳಿರುವ ಮನೆಯಲ್ಲಿ ಜಾಗ್ರತೆ

ಹ್ಯಾಂಡಲ್‌ನ ಬಟನ್‌ಗಳಿಗೆ ಬೇರೆಯೇ ಬ್ಯಾಟರಿ. ಸ್ರಾಮ್‌ಗೆ ಸಿಆರ್2032, ಶಿಮಾನೊದ ವಯರಿಲ್ಲದ 12 ಸ್ಪೀಡ್ ರಸ್ತೆ ಸೈಕಲ್‌ಗಳಿಗೆ ಸಿಆರ್1632. ಇವು ಚಾರ್ಜ್ ಆಗುವುದಿಲ್ಲ, ಒಂದೂವರೆ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಸಿಆರ್2032 ವಾಚ್ ಅಂಗಡಿ, ಕಂಪ್ಯೂಟರ್ ಅಂಗಡಿಯಲ್ಲಿ ಸಿಗುತ್ತದೆ. ಸಿಆರ್1632 ಎಲ್ಲ ಕಡೆ ಇರುವುದಿಲ್ಲ, ಒಂದು ಜೊತೆ ಇಟ್ಟುಕೊಂಡೇ ಹೊರಡುವುದು ಲೇಸು. ಗೇರ್ ಬ್ಯಾಟರಿ ತುಂಬಿದ್ದರೂ ಗೇರ್ ಬೀಳದಿದ್ದರೆ ಮೊದಲು ಈ ಸಣ್ಣ ಬ್ಯಾಟರಿ ನೋಡಿ.

ಸಿಆರ್2032 ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರದ್ದು, ಅಡ್ಡಳತೆ 20 ಮಿ.ಮೀ. ಅನ್ನನಾಳದ ತೇವ ತಾಗಿದ ಕೂಡಲೇ ಕರೆಂಟ್ ಹರಿದು, ಎರಡೇ ಗಂಟೆಯಲ್ಲಿ ಒಳಗೆ ಸುಟ್ಟು ತೂತು ಬೀಳುವಷ್ಟು ಹಾನಿ ಆಗಬಹುದು. ಖಾಲಿಯಾಯ್ತು ಅಂತ ಬಿಸಾಡಿದ ಬ್ಯಾಟರಿಯೂ ಅಷ್ಟೇ ಅಪಾಯ. ಮಗು ನುಂಗಿರಬಹುದು ಎಂಬ ಸಂಶಯ ಬಂದರೂ ವಾಂತಿ ಮಾಡಿಸಲು ಹೋಗಬೇಡಿ, ಬಾಳೆಹಣ್ಣು ತಿನ್ನಿಸಿ ಕಾಯಬೇಡಿ. ಎಕ್ಸ್‌ರೇ ಇರುವ ಆಸ್ಪತ್ರೆಗೆ ನೇರ ಹೋಗಿ. ನಾಳೆ ನೋಡುವ ಅನ್ನುವ ಮಾತೇ ಇಲ್ಲ.

ಅಂಗಡಿಯವರಿಗೆ ನಾಲ್ಕು ಮಾತು

'ಹ್ವಾಯ್, ಇಲ್ ಒಂದ್ ಗಂಟೆ ಚಾರ್ಜಿಗ್ ಹಾಕ್ಲಕ್ಕಾ?' ಅಂತ ಸೈಕಲ್‌ನವರು ಹೋಟೆಲ್, ಗೂಡಂಗಡಿಯಲ್ಲಿ ಕೇಳುವುದುಂಟು. ಕರೆಂಟ್ ಬಿಲ್‌ನ ಚಿಂತೆ ಬೇಡ. ಸ್ರಾಮ್‌ನ ಒಂದು ಬ್ಯಾಟರಿಯಲ್ಲಿ ಹಿಡಿಯುವುದು 2.22 ವ್ಯಾಟ್-ಅವರ್. ಶಿಮಾನೊದಲ್ಲಿ 3.7. ಒಂದು ಯುನಿಟ್ ಅಂದರೆ 1,000 ವ್ಯಾಟ್-ಅವರ್. ನಷ್ಟ ಸೇರಿಸಿದರೂ ಒಂದು ಯುನಿಟ್‌ನಲ್ಲಿ ಇಂಥ ಇನ್ನೂರು ಬ್ಯಾಟರಿ ಚಾರ್ಜ್ ಆದೀತು. ಸ್ರಾಮ್‌ನ ಹಳೆಯ ಒಂಟಿ ಚಾರ್ಜರ್‌ಗೆ ಬೇಕಾದ್ದು ಮೈಕ್ರೋ ಯುಎಸ್‌ಬಿ ಕೇಬಲ್. ಹಳೆ ಮೊಬೈಲ್‌ನದ್ದು ಒಂದು ಡ್ರಾಯರ್‌ನಲ್ಲಿ ಇದ್ದರೆ ಗಿರಾಕಿಗೆ ಉಪಕಾರ.

ಮೋಟಾರ್ ಇರುವ ಇ-ಸೈಕಲ್‌ನ ಲೆಕ್ಕ ಬೇರೆ. 36 ವೋಲ್ಟ್, 10 ಎಎಚ್ ಬ್ಯಾಟರಿ ಅಂದರೆ 360 ವ್ಯಾಟ್-ಅವರ್. ಸ್ರಾಮ್ ಬ್ಯಾಟರಿಯ ನೂರಕ್ಕೂ ಹೆಚ್ಚು ಪಟ್ಟು. ಅದನ್ನು ಯಾವುದೋ ಚಾರ್ಜರ್ ಸಿಕ್ಕಿಸಿ ರಾತ್ರಿ ಅಂಗಡಿ ಬಾಗಿಲು ಹಾಕಿಕೊಂಡು ಹೋಗುವುದು ಖಂಡಿತ ಬೇಡ.

ಮಾರಾಟಕ್ಕೆ ತರುವಾಗ ಲಿಥಿಯಂ ಬ್ಯಾಟರಿಯ ಮೇಲೆ ಐಎಸ್ 16046 ಮತ್ತು 'ಆರ್' ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆ ಇದೆಯಾ ನೋಡಿ. ದೋಣಿಯವರು ಕೊಳ್ಳುವ ಹೆಡ್‌ಟಾರ್ಚ್‌ನ 18650 ಕೋಶಗಳಿಗೂ ಇದೇ ಮಾತು. ಅವುಗಳ ಮೇಲೆ 9,800 ಎಂಎಎಚ್ ಅಂತ ಅಚ್ಚಾಗಿದ್ದರೆ ಅದು ಸುಳ್ಳು. ಆ ಗಾತ್ರದ ಒಳ್ಳೆಯ ಕೋಶದಲ್ಲಿ ಸಾಮಾನ್ಯವಾಗಿ ಹಿಡಿಯುವುದು 3,500ರ ಆಸುಪಾಸು.

ಉಬ್ಬಿದರೆ, ಬಿಸಿಯಾದರೆ

ಬ್ಯಾಟರಿ ಉಬ್ಬಿದೆ, ಬಿರುಕು ಬಿಟ್ಟಿದೆ, ಸಿಹಿ ವಾಸನೆ ಬರುತ್ತಿದೆ, ಮುಟ್ಟಲಾಗದಷ್ಟು ಬಿಸಿ ಇದೆ ಅಂದರೆ ಮತ್ತೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಮೇನ್ ಸ್ವಿಚ್ ತೆಗೆದು, ಸಾಧ್ಯವಾದರೆ ಹೊರಗೆ ಸಿಮೆಂಟ್ ನೆಲದಲ್ಲಿ ಇಡಿ. ಸಣ್ಣ ಬೆಂಕಿಗೆ, ಕರೆಂಟ್ ತಪ್ಪಿಸಿದ ಮೇಲೆ, ಧಾರಾಳ ನೀರು ಹೊಯ್ದರೆ ಬ್ಯಾಟರಿ ತಣಿಯುತ್ತದೆ. ಹೊಗೆ ಉಸಿರಾಡಬೇಡಿ. ಹತೋಟಿ ತಪ್ಪಿದರೆ ಹೊರಗೆ ಬಂದು 112ಕ್ಕೆ ಕರೆ ಮಾಡಿ.

ಸತ್ತ ಬ್ಯಾಟರಿಯನ್ನು ಹೊಳೆಬದಿಗೋ ಕಸದ ರಾಶಿಗೋ ಎಸೆಯಬಾರದು, ಸುಡಲೂಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮದ ಪ್ರಕಾರ ಬಳಸುವವರು ಅದನ್ನು ಬೇರೆ ಕಸದಿಂದ ಪ್ರತ್ಯೇಕ ಇಡಬೇಕು. ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಪಟ್ಟಿಗಳ ಮೇಲೆ ಟೇಪ್ ಸುತ್ತಿ, ಕೊಂಡ ಅಂಗಡಿಗೆ ಕೊಡಿ. ಇಲ್ಲದಿದ್ದರೆ ಕಸದ ಗಾಡಿಯವರಿಗೆ ಹೇಳಿ ಬೇರೆಯಾಗಿ ಕೊಡಿ.

ವಿಮಾನದಲ್ಲಿ ಹೋಗುವವರಿಗೆ

ಮಂಗಳೂರು ವಿಮಾನ ನಿಲ್ದಾಣದಿಂದ ಸೈಕಲ್ ಸಮೇತ ಹೊರಡುವವರು ಸ್ಪೇರ್ ಲಿಥಿಯಂ ಬ್ಯಾಟರಿಯನ್ನು ಲಗೇಜ್‌ಗೆ ಹಾಕುವಂತಿಲ್ಲ. ಪಟ್ಟಿ ಮುಚ್ಚಿ ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್-ಅವರ್ ಒಳಗಿನದ್ದಕ್ಕೆ ಸಾಮಾನ್ಯವಾಗಿ ವಿಶೇಷ ಅನುಮತಿ ಬೇಡ, ಗೇರ್ ಬ್ಯಾಟರಿಗಳು ಅದಕ್ಕಿಂತ ಎಷ್ಟೋ ಕೆಳಗಿವೆ. 160 ದಾಟಿದ ಇ-ಸೈಕಲ್ ಬ್ಯಾಟರಿಗೆ ಪ್ರಯಾಣಿಕರ ವಿಮಾನದಲ್ಲಿ ಜಾಗ ಇಲ್ಲ.

ಹೊರಡುವ ಮುಂಚೆ ಒಂದು ನಿಮಿಷ

- ಗೇರ್ ಬ್ಯಾಟರಿ: ಹಸಿರು ದೀಪ ಬಂತಾ?
- ಸ್ಪೇರ್: ಈ ವಾರ ತುಂಬಿಸಿದ್ದಾ, ಮುಚ್ಚಳ ಇದೆಯಾ?
- ಶಿಮಾನೊ ಆದರೆ: ಕೇಬಲ್ ಚೀಲದಲ್ಲಿದೆಯಾ?
- ನಾಣ್ಯದ ಬ್ಯಾಟರಿ: ಒಂದು ಜೊತೆ ಪ್ಯಾಕೆಟ್ ಒಡೆಯದೆ ಇದೆಯಾ?
- ಮನೆಗೆ ಬಂದ ಮೇಲೆ: ಪಟ್ಟಿ ಒರೆಸಿ, ಡಬ್ಬಿಗೆ ಹಾಕಿ, ಮಕ್ಕಳ ಕೈಗೆ ಸಿಗದಲ್ಲಿ ಇಡಿ.